ಹೊಸ ಅಳತೆ

ಮಾನ್ವಿಯ ನಮ್ಮ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ಆಕೆಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು, ಮೂವತ್ತೆರಡು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವಳು. ಯಾರು ಅವಸರ ಮಾಡಿದರೂ "ಆಗ್ತದ, ಕೂಡ್ರಿ" ಎನ್ನುವಳು.

ಕ್ಯಾನ್ಸರಿನಿಂದ ನನ್ನ ಎಡ ಸ್ತನ ತೆಗೆದ ಮೇಲೆ ಆರು ತಿಂಗಳು ನಾನು ಮನೆಯಿಂದ ಹೊರಬಂದಿರಲಿಲ್ಲ. ಅಷ್ಟರಲ್ಲಿ ತಂಗಿಯ ಮದುವೆ ಬಂತು. ಅಳತೆಗೆಂದು ಹಳೆಯ ರವಿಕೆಯೊಂದನ್ನು ಆಕೆಯ ಮುಂದಿಟ್ಟು, ಹೇಗೆ ಹೇಳಬೇಕೆಂದು ತಿಳಿಯದೆ ನಿಂತೆ.

ಆಕೆ ನನ್ನ ಸೆರಗಿನ ಎಡಗಡೆ ಒಮ್ಮೆ ನೋಡಿ, ಅದನ್ನು ಮಡಚಿ ವಾಪಸು ಕೊಟ್ಟಳು. "ಇದು ಬ್ಯಾಡಕ್ಕಾ. ಹೊಸದಾಗಿ ಅಳತಿ ತಗೋತೀನಿ."

ಪರದೆ ಎಳೆದು ತನ್ನ ಸೆರಗು ಸರಿಸಿ, ರವಿಕೆಯ ಗುಂಡಿ ಬಿಚ್ಚಿದಳು. ಬಲಗಡೆ, ಒಳಗೆ, ಹತ್ತಿಯ ಮೆತ್ತೆ ಹೊಲಿದುಕೊಂಡಿದ್ದಳು.

"ನಂದು ತೆಗದು ನಾಕು ವರ್ಷ ಆತು," ಎಂದಳು. "ಓಣ್ಯಾಗ ಯಾರಿಗೂ ಗೊತ್ತಿಲ್ಲ. ನಿಮಗೂ ಹಿಂಗ ಹೊಲಿದು ಕೊಡ್ತೀನಿ."

ದವಾಖಾನೆಯವರ ಹೊರತು ಯಾರಿಗೂ ಮುಟ್ಟಗೊಡದ ಜಾಗದ ಮೇಲೆ ಆಕೆ ಟೇಪು ಹಿಡಿದಳು. ನಾನು ಕೈ ಎತ್ತಿ ನಿಂತೆ.