ಓನರ್ ಅಂಕಲ್ ಮತ್ತು ಮಗಳ ಇಇಜಿ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ; ಯಾವುದೋ ಯಂತ್ರ ಅದನ್ನು ಬಹಳ ಹಿಂದೆಯೇ ಕಿತ್ತುಕೊಂಡಿತ್ತು. ಆ ಬೋಳು ಬೆರಳನ್ನು ಗಾಳಿಯಲ್ಲಿ ಆಡಿಸುತ್ತಲೇ ಅವರು ಸೋರುವ ನಲ್ಲಿಯಿಂದ ಹಿಡಿದು ಸರ್ಕಾರದವರೆಗೆ ಎಲ್ಲದರ ದೋಷವನ್ನೂ ಪತ್ತೆಹಚ್ಚುತ್ತಿದ್ದರು. ಜೀವನ್ ಬಿಮಾ ನಗರದ ಅವರ ಮನೆಯ ಮೇಲಂತಸ್ತಿನಲ್ಲಿ ನಾವು ಬಾಡಿಗೆಗಿದ್ದೆವು. ವಿಮಾನ ಕಾರ್ಖಾನೆಯಲ್ಲಿ ಇಂಜಿನ್ನುಗಳನ್ನು ಪರೀಕ್ಷಿಸಿ ನಿವೃತ್ತರಾಗಿದ್ದ ಅವರು ನಮಗೆಲ್ಲ ಓನರ್ ಅಂಕಲ್.

ಏಳು ವರ್ಷದ ನನ್ನ ಮಗಳು ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು. ಅವಳು ಮಾತ್ರ ಅಲ್ಲಿರುತ್ತಿರಲಿಲ್ಲ. ಕೆಲವು ಕ್ಷಣಗಳ ಬಳಿಕ ಮರಳುತ್ತಿದ್ದಳು. ನರರೋಗ ತಜ್ಞರು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ಬರೆದುಕೊಟ್ಟರು. ತಲೆ ತೊಳೆದಿರಬೇಕು, ಎಣ್ಣೆಯ ಪಸೆಯಿರಬಾರದು. ಮಗುವನ್ನು ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಗೊಡದೆ ತಂದು, ಅಲ್ಲಿ ಮಲಗಿಸಬೇಕು.

ಇಂಥ ಕಾಯಿಲೆಯನ್ನು ನೆರೆಹೊರೆಯಿಂದ ಮುಚ್ಚಿಡುವ ಪದ್ಧತಿ ತೊಲಗಬೇಕೆಂಬುದು ನನ್ನ ದೃಢವಾದ ನಿಲುವು. ಆದ್ದರಿಂದ ಅಂಕಲ್‌ಗೆ ಮಗಳ ತೊಂದರೆಯನ್ನು ಸವಿಸ್ತಾರವಾಗಿ ವಿವರಿಸಿದೆ. ಬೆಳಿಗ್ಗೆ ನಾವು ಹೊರಡಲು ಸಿದ್ಧರಾಗುವಷ್ಟು ಹೊತ್ತು ಅವಳನ್ನು ಎಚ್ಚರವಾಗಿಡುವ ಹೊಣೆಯನ್ನು ಅವರೇ ಹೊತ್ತರು. ಚಳಿಯೆಂದು ಅವಳ ತಲೆಗೊಂದು ಉಣ್ಣೆಯ ಟೋಪಿ ಹಾಕಿ ಕಳುಹಿಸಿದರು.

ಆಸ್ಪತ್ರೆಯಲ್ಲಿ ಟೋಪಿ ತೆಗೆದ ತಂತ್ರಜ್ಞೆ ಕೂದಲು ಮುಟ್ಟಿ, ಬೆರಳು ಮೂಸಿ ನೋಡಿದರು.

"ಏನ್ ಸಾರ್ ಇದು? ಮಗೂನ ಟೆಸ್ಟಿಗೆ ತಂದಿದ್ದೀರೋ, ಬೋಂಡಾ ಕರಿಯೋಕೋ? ಒಂದು ವೈರೂ ಅಂಟಲ್ಲ. ಮುಂದಿನ ವಾರ ಬನ್ನಿ."

"ಓನರ್ ಅಂಕಲ್ ಹಚ್ಚಿದ್ರು," ಎಂದಳು ಮಗಳು, ಬಹುಮಾನ ಪಡೆದವಳಂತೆ.

ಮರಳುವಾಗ ಟಿನ್ ಫ್ಯಾಕ್ಟರಿಯ ಬಳಿ ವಾಹನಗಳು ಅಲುಗದೆ ನಿಂತಿದ್ದವು. ಅಷ್ಟರಲ್ಲಿ ನಾನು ವೈಜ್ಞಾನಿಕ ಮನೋಭಾವದ ಕುರಿತು ಭಾಷಣವೊಂದನ್ನು ಸಿದ್ಧಪಡಿಸಿದೆ: ಪೀಠಿಕೆ, ಮೂರು ವಾದಾಂಶ, ಉಪಸಂಹಾರ. ಗೇಟಿನಲ್ಲೇ ಮಂಡಿಸಿದೆ. ಅಂಕಲ್ ತಾಳ್ಮೆಯಿಂದ ಕೇಳಿದರು.

"ಮುಗೀತೇನ್ರೀ? ಎಣ್ಣೆ ಹಾಕ್ದೆ ಇಂಜಿನ್ನ ಟೆಸ್ಟಿಗೆ ಬಿಟ್ಟಿದ್ರೆ ನನ್ ಕೆಲ್ಸಾನೇ ಹೋಗ್ತಿತ್ತು. ಒಳ್ಳೇ ಕೊಬ್ಬರಿ ಎಣ್ಣೆ ರೀ, ಕಲಬೆರಕೆ ಇಲ್ಲ."

ನನ್ನ ವಾದಾಂಶಗಳಲ್ಲಿ ಯಾವುದೂ ಎಣ್ಣೆಯ ಗುಣಮಟ್ಟಕ್ಕೆ ಸಂಬಂಧಿಸಿರಲಿಲ್ಲ.

ಮುಂದಿನ ವಾರ ಅಂಕಲ್ ತಾವೇ ಆಟೊ ಹತ್ತಿದರು. ದಾರಿಯುದ್ದಕ್ಕೂ ಬಸ್ಸುಗಳ ಬೋರ್ಡು ಓದಿಸಿ ಮಗಳ ನಿದ್ದೆ ಓಡಿಸಿದರು. ಆದರೆ ಪರೀಕ್ಷೆಯ ಹಾಸಿಗೆಯ ಮೇಲೆ, ತಂತ್ರಜ್ಞೆಯ ಕೈಯಲ್ಲಿದ್ದ ವೈರುಗಳ ಗೊಂಚಲನ್ನು ಕಂಡು ಅವಳು ಎದ್ದು ಕುಳಿತಳು.

"ಅಪ್ಪಾ, ನಾನು ಕೆಟ್ಟೋಗಿದೀನಾ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸಿದವನು ನಾನು. ಅಂದು ನಾನು ಅವಳ ದಿಂಬು ಸರಿಪಡಿಸತೊಡಗಿದೆ.

"ಯಾರಮ್ಮಾ ಹಂಗಂದಿದ್ದು?" ಎಂದರು ಅಂಕಲ್. "ಕೆಟ್ಟೋಗಿದ್ರೆ ಗುಜರಿಗೆ ಹಾಕ್ತಾರೆ, ಟೆಸ್ಟ್ ಮಾಡಲ್ಲ. ಹಾರೋ ಇಂಜಿನ್ನಿಗೇ ಇಷ್ಟೊಂದು ವೈರು."

"ಮತ್ತೆ ನಿಮಗ್ಯಾಕೆ ಇಲ್ಲ?"

"ನಾನು ರಿಟೈರ್ಡು."

ಅವಳು ನಕ್ಕು ಮಲಗಿದಳು. ಆದರೆ ಅವಳಿಗಿಂತ ಮೊದಲು ನಿದ್ದೆಹೋದವರು ಕುರ್ಚಿಯಲ್ಲಿದ್ದ ಅಂಕಲ್. ಆ ಗೊರಕೆಗೆ ಮಗಳ ನಗು ನಿಲ್ಲಲಿಲ್ಲ.

"ಸಾರ್, ಈ ತಾತನ್ನ ಆಚೆ ಕರ್ಕೊಂಡೋಗಿ, ನಿಮ್ ಕಾಲಿಗ್ ಬೀಳ್ತೀನಿ!" ಎಂದರು ತಂತ್ರಜ್ಞೆ. ಅವರನ್ನು ಹೊರಗೆ ಕೂರಿಸಿದ ಮೇಲೆಯೇ ಪರೀಕ್ಷೆ ಮುಗಿದದ್ದು.

ಅದು ಮೂರ್ಛೆರೋಗದ ಒಂದು ಬಗೆ ಎಂದು ತಿಳಿಯಿತು, ಮಾತ್ರೆ ಆರಂಭವಾಯಿತು. ಆ ಕ್ಷಣಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಅವಳು ನಿಂತಾಗಲೆಲ್ಲ ನಾವು ಗಾಬರಿಯಿಂದ ಹೆಸರು ಕೂಗಿ ಭುಜ ಅಲುಗಿಸುತ್ತಿದ್ದೆವು. ಅವಳೊಡನೆ ಚೌಕಾಬಾರ ಆಡುತ್ತಿದ್ದ ಅಂಕಲ್ ಮಾತ್ರ ಕವಡೆಗಳನ್ನು ಮುಟ್ಟದೆ, ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಪ್ರಯಾಣಿಕನಂತೆ ನಿರಾಳವಾಗಿ ಕಾಯುತ್ತಿದ್ದರು. ಅವಳು ಮರಳಿದೊಡನೆ, "ಹೂಂ, ಹಾಕು," ಎನ್ನುತ್ತಿದ್ದರು. ಆಟದಲ್ಲಿ ಅವಳಿಗೆ ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಈ ಜೂನಿನಲ್ಲಿ ಮಗಳ ಹೊಸ ತರಗತಿಯ ಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಸಾರ್, ನಿಮ್ ಮಗಳಿಗೆ ಏನೋ ಪ್ರಾಬ್ಲಮ್ ಅಂತೆ?" ಎಂದರು. ನಾನು ಪೀಠಿಕೆ ಆರಂಭಿಸಿದ್ದೆ. ಮಗಳು ನಡುವೆ ನುಗ್ಗಿ, ಇಡೀ ತರಗತಿಗೆ ಕೇಳುವಂತೆ ಹೇಳಿದಳು:

"ನಾನು ಮಧ್ಯದಲ್ಲಿ ನಿಂತ್ಬಿಟ್ರೆ ಅಲ್ಲಾಡಿಸ್ಬೇಡಿ ಮಿಸ್. ಸುಮ್ನೆ ವೇಟ್ ಮಾಡಿ, ಬಂದ್ಬಿಡ್ತೀನಿ."