ವಿಡಿಯೋ ಅಕ್ಕ ಆರಿಸಿದ ಕಾರ್ಡು

ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸಲೆಂದು ಅಟ್ಟದ ಸಾಮಾನು ಇಳಿಸುತ್ತಿದ್ದಾಗ ಹಳೆಯ ಪ್ಲಾಸ್ಟಿಕ್ ಕವರೊಂದರಿಂದ ಮೂರು ಬಣ್ಣದ ವೈರು ಜಾರಿ ಬಿತ್ತು. ಹಳದಿ, ಕೆಂಪು, ಬಿಳಿ. ಪಿನ್ನುಗಳು ಕಪ್ಪಾಗಿದ್ದವು. ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಬೂಷ್ಟು ಹಿಡಿದ ವಿಡಿಯೋ ಟೇಪಿನ ಮುಗ್ಗಲು ವಾಸನೆ, ಅದರೊಳಗೆ ಸ್ಪಿರಿಟ್ಟಿನ ಘಾಟು... ಇಷ್ಟು ವರ್ಷವಾದ ಮೇಲೆ ವಾಸನೆ ಉಳಿದಿರಲು ಸಾಧ್ಯವಿಲ್ಲ. ಆದರೂ ನನಗೆ ಬಂತು. ಬಣ್ಣದವರು ಸಾಮಾನು ಎಲ್ಲಿಡೋಣ ಎಂದು ಕೇಳುತ್ತಲೇ ಇದ್ದರು, ನಾನು ವೈರು ಹಿಡಿದು ಕೂತೇ ಇದ್ದೆ.

ಆ ವೈರು ನನಗೆ ಕೊಟ್ಟವರನ್ನು ಎಲ್ಲರೂ ವಿಡಿಯೋ ಅಕ್ಕ ಎನ್ನುತ್ತಿದ್ದರು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೆಲಸಗಾರರ ಸಾಲುಮನೆಯೊಂದರಲ್ಲಿ ಅವರ ಸಂಸಾರ. ಗಂಡ ಗಣಿಯೊಳಗೆ ಇಳಿಯುತ್ತಿದ್ದರು. ಅಕ್ಕ ತಮ್ಮ ಅಣ್ಣನ ಸ್ಟುಡಿಯೋದಲ್ಲಿ ಕ್ಯಾಮೆರಾ ಕಲಿತು, ಆ ಭಾರದ ಯಂತ್ರವನ್ನು ಹೆಗಲ ಮೇಲೆ ಹೊತ್ತು ಸುತ್ತಲಿನ ಹಳ್ಳಿಗಳ ಮದುವೆಗೆ ಬರುತ್ತಿದ್ದರು. ಹೆಂಗಸೊಬ್ಬಳು ವಿಡಿಯೋ ತೆಗೆಯುವುದು ನೋಡಿ ಗಂಡಸರು ನಗುತ್ತಿದ್ದರು. ಅಕ್ಕ ನಗುವವರ ಮುಖಕ್ಕೇ ಲೈಟು ತಿರುಗಿಸುತ್ತಿದ್ದರು. ಕಣ್ಣು ಕುಕ್ಕಿ ಅವರೇ ಜಾಗ ಬಿಡುತ್ತಿದ್ದರು.

ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ನನ್ನ ಮದುವೆಯಾದಾಗ ವಿಡಿಯೋ ತೆಗೆದವರೂ ಅವರೇ. ಹತ್ತು ವರ್ಷದ ಮೇಲೆ ನನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು, ನನ್ನನ್ನೂ ಮಗಳನ್ನೂ ತವರಿಗೆ ಅಟ್ಟಿದ. ಜೀವನಾಂಶ ಕೇಳಿ ಕೋರ್ಟಿಗೆ ಹೋದೆ. ಅವನು ಬರೆದುಕೊಟ್ಟ ಉತ್ತರವನ್ನು ನಮ್ಮ ವಕೀಲರು ಓದಿ ಹೇಳಿದರು. ಈಕೆ ನನ್ನ ಹೆಂಡತಿಯೇ ಅಲ್ಲ, ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು, ಮದುವೆ ಎಂಬುದೇ ನಡೆದಿಲ್ಲ.

ಮದುವೆ ಎಲ್ಲೂ ನೋಂದಣಿಯಾಗಿರಲಿಲ್ಲ. ಆಲ್ಬಮ್ಮು, ಕ್ಯಾಸೆಟ್ಟು ಎರಡೂ ಅವನ ಮನೆಯಲ್ಲಿದ್ದವು. ಪುರೋಹಿತರು ತೀರಿಹೋಗಿದ್ದರು. ನಮ್ಮ ಕಡೆಯವರು ಸಾಕ್ಷಿ ಹೇಳಿದರೆ, ಅವರು ನಿಮ್ಮವರೇ ತಾನೆ ಎಂಬ ಪ್ರಶ್ನೆ ಬರುತ್ತಿತ್ತು. ವಕೀಲರ ಆಫೀಸಿನಿಂದ ಹೊರಗೆ ಬಂದಾಗ ನಾಲ್ಕನೇ ಕ್ಲಾಸಿನ ನನ್ನ ಮಗಳು ಸೆರಗು ಜಗ್ಗಿ ಕೇಳಿದಳು.

"ಅಂಗಾದ್ರೆ ನಾನ್ಯಾರ್ ಮಗ್ಳಮ್ಮ?"

ಮಗಳನ್ನು ತವರಿನಲ್ಲಿ ಬಿಟ್ಟು ಅವತ್ತೇ ಅಕ್ಕನ ಮನೆಗೆ ಬಸ್ಸು ಹತ್ತಿದೆ.

ಆ ಹೊತ್ತಿಗೆ ಗಣಿ ಮುಚ್ಚಿ ವರ್ಷಗಳಾಗಿದ್ದವು. ಅಕ್ಕನ ಗಂಡ ದಿನಾ ರೈಲಿನಲ್ಲಿ ಬೆಂಗಳೂರಿಗೆ ವಾಚ್‌ಮನ್ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಹೊಸ ತರಹದ ಸಣ್ಣ ಕ್ಯಾಮೆರಾಗಳು ಬಂದು ಅಕ್ಕನನ್ನು ಮದುವೆಗಳಿಗೆ ಕರೆಯುವವರಿರಲಿಲ್ಲ. ಆದರೆ ತಾವು ತೆಗೆದ ಮದುವೆಗಳ ಒಂದು ಮೂಲ ಟೇಪನ್ನೂ ಅವರು ಎಸೆದಿರಲಿಲ್ಲ. ಮಂಚದ ಕೆಳಗೆ ಎರಡು ಟ್ರಂಕು ತುಂಬ ಇದ್ದವು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಸಮಾಧಾನ ಹೇಳಲಿಲ್ಲ. ಟ್ರಂಕು ಎಳೆದರು.

"ಅಳೋದು ಆಮೇಲೆ ಅಳು ಮಾ. ಮೊದ್ಲು ನಿನ್ ಟೇಪ್ ಉಡ್ಕೋಣ."

ಸಿಕ್ಕಿತು. ತಮಿಳಿನಲ್ಲಿ ನಮ್ಮಪ್ಪನ ಹೆಸರು ಬರೆದಿತ್ತು. ಕ್ಯಾಸೆಟ್ಟಿನ ಕಿಟಕಿಯೊಳಗೆ ಬೆಳ್ಳಗೆ ಬೂಷ್ಟು ಹಬ್ಬಿತ್ತು.

ಟೇಪು ಹಾಕಿ ನೋಡುವ ಯಂತ್ರ ಕೋರ್ಟಿನಲ್ಲಿಲ್ಲ, ಸೀಡಿ ಮಾಡಿಸಿ ತನ್ನಿ, ಮೂಲ ಟೇಪನ್ನೂ ಜೋಪಾನ ಮಾಡಿ ಎಂದರು ವಕೀಲರು. ಒಂದು ಸ್ಟುಡಿಯೋಗೆ ಹೋದೆವು. ಅಲ್ಲಿನವನು ಕ್ಯಾಸೆಟ್ ತಿರುಗಿಸಿ ನೋಡಿ, ಇದು ಕೊಳೆತೋಗಿದೆ, ಬಿಸಾಕಿ ಎಂದ. ಯಾರ ಮದುವೆಯದು ಎಂದು ಕೇಳಿ ತಿಳಿದ ಮೇಲೆ ದನಿ ಬದಲಾಯಿತು. "ಇಟ್ಟೋಗಿ, ನೋಡ್ತೀನಿ." ನನ್ನ ಗಂಡ ಅವನಿಗೆ ಪರಿಚಯ ಎಂದು ಮುಖದಲ್ಲೇ ಗೊತ್ತಾಯಿತು. ಅಕ್ಕ ಅವನ ಕೈಯಿಂದ ಟೇಪು ಕಿತ್ತುಕೊಂಡರು.

"ಇದು ನನ್ ಕೈ ಬಿಟ್ಟು ಎಲ್ಲೂ ಓಗಲ್ಲ. ನಮ್ಮನೇಲೇ ಮಾಡ್ತೀನಿ."

ಅಕ್ಕನ ಮನೆಯಲ್ಲಿ, ಮುಚ್ಚಿದ ಸೈಬರ್ ಸೆಂಟರಿನವರು ಅಗ್ಗಕ್ಕೆ ಕೊಟ್ಟ ಒಂದು ಹಳೆಯ ಕಂಪ್ಯೂಟರ್ ಇತ್ತು. ಟೇಪು ಓಡಿಸುವ ವಿಸಿಆರ್ ಇತ್ತು. ಅಲ್ಲಿನ ಚಿತ್ರವನ್ನು ಇಲ್ಲಿಗೆ ಇಳಿಸಿಕೊಳ್ಳುವ ಕ್ಯಾಪ್ಚರ್ ಕಾರ್ಡು ಒಂದೇ ಇರಲಿಲ್ಲ.

ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಗೆ ಅಕ್ಕ ಬರಿಗೈಯಲ್ಲಿ ಬರಲಿಲ್ಲ. ವಿಸಿಆರನ್ನು ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಜೊತೆಗೆ ನನ್ನದರಷ್ಟೇ ಹಾಳಾದ ಬೇರೆ ಮದುವೆಯ ಟೇಪೊಂದು. ಅಂಗಡಿಯವನು ದೊಡ್ಡ ಡಬ್ಬಿಯ ಕಾರ್ಡು ತೆಗೆದು, ಸ್ಟುಡಿಯೋದವರೆಲ್ಲ ಇದನ್ನೇ ಒಯ್ಯುವುದು ಎಂದ. ಅದರ ಬೆಲೆ ಕೇಳಿ ನಾನು ಮೆಟ್ಟಿಲ ಕಡೆ ನೋಡಿದೆ. ಅಕ್ಕ ವಿಸಿಆರನ್ನು ಅವನ ಮೇಜಿನ ಮೇಲೆ ಇಟ್ಟರು.

"ಆಕಿ ತೋರ್ಸಪ್ಪ. ನೋಡ್ದೆ ತಗೊಳಲ್ಲ."

"ಅಮ್ಮಾ, ಅಂಗೆಲ್ಲ ಬಿಚ್ಚಿ ತೋರ್ಸೋದಿಲ್ಲ."

"ಸೀರೆ ಅಂಗ್ಡೀಲಿ ಮಡಿಕೆ ಬಿಚ್ದೆ ಮಾರ್ತಾರಾ? ಆಕಪ್ಪ."

ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಅಕ್ಕ ಸ್ಟೂಲು ಎಳೆದು ಕೂತರು. ಆತ ಗೊಣಗುತ್ತಲೇ ಹಾಕಿದ. ಆ ದುಬಾರಿ ಕಾರ್ಡು ನಮ್ಮ ಟೇಪಿನ ಚಿತ್ರ ಒಂದಿಷ್ಟು ನಡುಗಿದರೂ ಸಾಕು, ಪರದೆಯನ್ನು ಕಪ್ಪು ಮಾಡಿ ನಿಂತುಬಿಡುತ್ತಿತ್ತು. ಒಳ್ಳೆಯ ಟೇಪು ತಂದರೆ ಸರಿಯಾಗಿ ಬರುತ್ತೆ ಎಂದ ಅವನು.

"ಒಳ್ಳೇ ಟೇಪ್ ಇದ್ದಿದ್ರೆ ನಿನ್ ಹತ್ರ ಯಾಕಪ್ಪ ಬತ್ತಿದ್ದೆ?" ಎಂದರು ಅಕ್ಕ.

ಆಮೇಲೆ ತೀರಾ ಅಗ್ಗದ್ದು, ಬೆರಳಿನಷ್ಟು ಉದ್ದದ್ದು, ಹೊರಗಿನಿಂದಲೇ ಚುಚ್ಚುವಂಥದ್ದು. ಚಿತ್ರ ಚೆನ್ನಾಗಿ ಬಂತು, ನಾನು ಇದೇ ಸಾಕು ಎಂದೆ. ಅಕ್ಕ ಸುಮ್ಮನಿರಿಸಿ ಪರದೆಯಲ್ಲಿ ಡೋಲಿನವನ ಕೈ ತೋರಿಸಿದರು. ಕೈ ಬಿದ್ದ ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತಿತ್ತು. ಓಡಿದಷ್ಟೂ ಮಾತು ಹಿಂದೆ ಬೀಳುತ್ತಿತ್ತು. "ಬಾಯಿ ಒಂದು, ಮಾತು ಒಂದು ಆದ್ರೆ ಸುಳ್ಳು ಅಂತಾರೆ ಮಾ ಕೋರ್ಟಲ್ಲಿ. ಬೇಡ."

ಕೊನೆಗೆ ಆತ ಬೇಸತ್ತು, ಯಾರೋ ವಾಪಸು ಕೊಟ್ಟಿದ್ದ ಹಳೆಯ ಕಾರ್ಡೊಂದನ್ನು ಡ್ರಾಯರಿನಿಂದ ತೆಗೆದ. ಕಂಪ್ಯೂಟರಿನಲ್ಲಿ ಟಿವಿ ನೋಡಲು ಮಾಡಿದ್ದು. ಡಬ್ಬಿ ಇಲ್ಲ, ಮೇಲೆ ಧೂಳು. ಆದರೆ ವಿಸಿಆರಿನ ಹಳದಿ ವೈರಿಗೆ ಜಾಗವಿತ್ತು. ನಡುಗುವ ಚಿತ್ರವನ್ನು ನಡುಗಿದ ಹಾಗೇ ತೆಗೆದುಕೊಂಡಿತು, ಎಲ್ಲೂ ನಿಲ್ಲಲಿಲ್ಲ. ಡೋಲಿನ ಕೈ ಬೀಳುವುದಕ್ಕೂ ಸದ್ದಿಗೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅಕ್ಕ ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ ಎದ್ದರು. ಅದರ ಬೆಲೆ ನಮ್ಮ ಕೈಗೆಟುಕಿತು, ಕೊಂಡೆವು.

ಮೂರು ದಿನ ಕ್ಯಾಸೆಟ್ ಬಿಚ್ಚಿ ಟೇಪನ್ನು ಗೇಣುಗೇಣಾಗಿ ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿದೆವು. ನಾಲ್ಕನೆಯ ದಿನ ಬೆಳಿಗ್ಗೆ, ಕರೆಂಟು ಇದ್ದಾಗ, ಓಡಿಸಿದರು. ನಮ್ಮಪ್ಪ ಬಂದರು, ಚಪ್ಪರ ಬಂತು, ಹದಿನೆಂಟರ ನಾನು ತಲೆ ತಗ್ಗಿಸಿ ಬಂದೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಗೆರೆಗಳು. ಯಾರ ಮುಖವೂ ಕಾಣಲಿಲ್ಲ. ನಾದಸ್ವರ ಮಾತ್ರ ಕೇಳುತ್ತಿತ್ತು. ನಾನು ಎದ್ದು ನಿಂತೆ.

"ಇರು ಮಾ. ಇನ್ನೂ ಐತೆ."

ಗೆರೆಗಳು ಕರಗಿದವು. ತಲೆ ಮೇಲೆ ಅಕ್ಷತೆ ಉದುರುತ್ತಿದೆ, ನನ್ನ ಕಿರುಬೆರಳು ಅವನ ಕಿರುಬೆರಳಿನಲ್ಲಿದೆ, ಕತ್ತಿನಲ್ಲಿ ತಾಳಿ ಇದೆ. ಅವನು ಪೇಟ ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೋಡಿದ.

"ಅಕ್ಕೋ, ನನ್ ಮಕ ಸರ್ಯಾಗ್ ಬರ್ಲಿ. ನಾಳೆ ನಮ್ ಮಕ್ಳು ನೋಡ್ಬೇಕು."

ಕ್ಯಾಮೆರಾದ ಹಿಂದಿನಿಂದ ಅಕ್ಕನ ದನಿ. "ನೀನ್ ನಗು, ಬತ್ತೈತೆ."

ಅವನು ನಕ್ಕ. ತುಟಿ, ಮಾತು ಎರಡೂ ಒಟ್ಟಿಗೇ ಇದ್ದವು.

ಕೋರ್ಟಿನಲ್ಲಿ ಅಕ್ಕ ಸಾಕ್ಷಿ ಹೇಳಿದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ವಿಸಿಆರಿನ ಅದೇ ಗಂಟು. ಅವನ ಕಡೆಯ ವಕೀಲರು, ಮನೆಯ ಕಂಪ್ಯೂಟರಿನಲ್ಲಿ ಮಾಡಿದ್ದೀರಿ, ಏನು ಬೇಕಾದರೂ ಸೇರಿಸಿರಬಹುದಲ್ಲ ಎಂದರು. ಅಕ್ಕ ನ್ಯಾಯಾಧೀಶರ ಕಡೆ ತಿರುಗಿದರು.

"ಸಾರ್, ಒರಿಜಿನಲ್ ಟೇಪ್ ಐತೆ, ಓಡ್ಸೋ ಮಿಷನ್ನೂ ತಂದಿದೀನಿ. ಒಂದು ಟಿವಿ ಕೊಡ್ಸಿ, ಇಲ್ಲೇ ಆಕ್ತೀನಿ. ಅದ್ರಲ್ಲಿ ಇಲ್ದಿರೋದು ಸೀಡೀಲಿ ಇದ್ರೆ ನನ್ನನ್ನೇ ಒಳಗಾಕಿ."

ಮುಂದಿನ ವಾಯಿದೆಗೆ ಟಿವಿ ತರಿಸಿದರು. ಟೇಪು ಓಡಿತು. ಅವನ ದನಿ ಅವನಿಗೇ ಕೇಳಿಸಿತು. ತಲೆ ಎತ್ತಲಿಲ್ಲ. ತೀರ್ಪಿಗೆ ಮತ್ತೆ ಬಹಳ ತಿಂಗಳು ಹಿಡಿಯಿತು, ಆದರೆ ಬಂತು. ನಾನು ಅವನ ಹೆಂಡತಿ, ಮಗಳು ಅವನ ಮಗಳು. ನನಗೆ ಅವನು ವಾಪಸು ಬೇಕಿರಲಿಲ್ಲ. ಆ ಸುಳ್ಳು ಕಾಗದದಲ್ಲಿ ಉಳಿಯಬಾರದಿತ್ತು, ಅಷ್ಟೇ. ಊರವರು, ಗಂಡಸಿನ ಮಾನ ಕೋರ್ಟಿನಲ್ಲಿ ಹರಾಜು ಹಾಕಿದಳು ಎಂದರು. ಹೌದು, ಹಾಕಿದೆ. ಈಗಲೂ ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ.

ಆಮೇಲೆ ನಾನು ಬಂಗಾರಪೇಟೆಗೆ ಬಂದು ಹೊಲಿಗೆ ಅಂಗಡಿ ಹಾಕಿಕೊಂಡೆ. ಅಕ್ಕನ ಮನೆಗೆ ಬೇರೆ ಹಳ್ಳಿಗಳ ಹೆಂಗಸರು ಟೇಪು ಹುಡುಕಿಕೊಂಡು ಬರುತ್ತಾರೆಂದು ಕೇಳುತ್ತಿದ್ದೆ. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ ಬರೀ ಫೋನು... ಅವರ ನಂಬರು ಬದಲಾದ ಮೇಲೆ ಅದೂ ನಿಂತಿತು. ಬ್ಲೌಸು, ಸ್ಕೂಲು, ಕಾಲೇಜು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಚಾಂಪಿಯನ್ ರೀಫ್ಸ್ ಏನೂ ದೂರವಿರಲಿಲ್ಲ.

ಕಳೆದ ತಿಂಗಳು ವೈರು ಸಿಕ್ಕ ಮೇಲೆ, ಮಗಳ ಮದುವೆಯ ಕರೆಯೋಲೆ ಅಚ್ಚಾಗಿ ಬಂದ ದಿನವೇ, ಮೊದಲನೆಯದಕ್ಕೆ ಅರಿಶಿನ ಹಚ್ಚಿ ಅಕ್ಕನ ಮನೆಗೆ ತೆಗೆದುಕೊಂಡು ಹೋದೆ. ಬಾಗಿಲು ತೆಗೆದವರು ಬೇರೆ ಯಾರೋ ಹೆಂಗಸು.

"ಆಯಮ್ಮ ಇಲ್ವಲ್ಲ. ಓದ್ ವರ್ಷ ತೀರ್ಕೊಂಡ್ರು."

ಟ್ರಂಕುಗಳು ಏನಾದವೆಂದು ಕೇಳಿದೆ. ಅವರ ನೆಂಟರು ಗುಜರಿಗೆ ಹಾಕಿದರಂತೆ. ಎಷ್ಟು ಹೆಂಗಸರ ಮದುವೆ ಅದರೊಳಗಿತ್ತೋ...

ಕರೆಯೋಲೆ ಕೈಯಲ್ಲೇ ಇತ್ತು. ಆಕೆ ನೋಡಿದರು. "ಯಾರ್ಗೆ ಕೊಡ್ತೀರಾ ಅದನ್ನ?"

"ಅವ್ರಿಗೇ," ಎಂದೆ. ಹೊಸ್ತಿಲ ಮೇಲೆ ಇಟ್ಟು, ಕೈಮುಗಿದು, ಹೆಸರು ಹೇಳಿ ಮದುವೆಗೆ ಕರೆದೆ. ಇಷ್ಟು ವರ್ಷದಲ್ಲಿ ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.