ನಾಲ್ಕು ಬೆರಳು ಸಾಲದ ಸೂರು

ಷಡ್ಡಕ ಆಡಿದ ಆ ಒಂದು ಮಾತನ್ನು ಮೆಕ್ಯಾನಿಕ್ ಇವತ್ತಿಗೂ ಮರೆತಿಲ್ಲ. ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಆರು ವರ್ಷ ಚಿಕ್ಕವನು, ಔಷಧಿ ಅಂಗಡಿ ಇಟ್ಟವನು. ತನ್ನ ಮನೆಯ ಗ್ಯಾರೇಜಿನಲ್ಲಿ ಎರಡು ಕಂಬದ ಲಿಫ್ಟ್ ಹಾಕಿಸಿ, ನೆಂಟರನ್ನೆಲ್ಲ ಕರೆದು, ಗುಂಡಿ ಒತ್ತಿ ತೋರಿಸಿದ್ದ. ಕಾರು ಗುರ್ ಎನ್ನುತ್ತ ಆಳೆತ್ತರ ಏರಿ ನಿಂತಿತು. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿರುವಾಗ ಇವನ ಕಡೆ ತಿರುಗಿ, “ಭಾವ, ನೀವೂ ಒಂದು ಹಾಕಿಸ್ಕೊಳ್ಳಿ. ಇನ್ನೆಷ್ಟು ವರ್ಷ ನೆಲಕ್ಕೆ ಬೆನ್ನು ತಿಕ್ತೀರಾ?” ಅಂದುಬಿಟ್ಟ. ಮಂದಿ ನಕ್ಕರು.

ಅವನಿಗೆ ಲಿಫ್ಟ್ ಬೇಕಾದದ್ದಾದರೂ ಯಾಕೆ? ಒಂದು ಕಾರನ್ನು ಮೇಲೇರಿಸಿ ಅದರಡಿ ಇನ್ನೊಂದನ್ನು ನಿಲ್ಲಿಸಲು! ಇತ್ತ ಮೆಕ್ಯಾನಿಕ್ ಇಪ್ಪತ್ತೆಂಟು ವರ್ಷ ಕಾರುಗಳ ಹೊಟ್ಟೆಯಡಿ ಅಂಗಾತ ಬಿದ್ದುಕೊಂಡು, ಕಣ್ಣಿಗೆ ತುಕ್ಕು, ಬಾಯಿಗೆ ಆಯಿಲ್ ಬೀಳಿಸಿಕೊಂಡು ದುಡಿದವನು. ಡಾಕ್ಟರು ಬೆನ್ನಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಹೀಗೇ ಮಲಗಿ ಕೆಲಸ ಮಾಡಿದ್ರೆ ಬರೋ ವರ್ಷ ನಿಮ್ಮನ್ನ ಎಬ್ಬಿಸೋಕೆ ಇಬ್ಬರು ಬೇಕು” ಎಂದಿದ್ದರು. ಮಲಗದೆ ಮಾಡುವ ಕೆಲಸ ಅವನಿಗೆ ಬರುತ್ತಿರಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಆ ದಿನದಿಂದ ಊಟಕ್ಕೆ ಕೂತರೂ ಅವನ ಕಣ್ಣ ಮುಂದೆ ಆ ಎರಡು ಕಂಬಗಳೇ.

ಕೊನೆಗೆ ಲಿಫ್ಟ್ ಕಂಪನಿಯ ಫಿಟ್ಟರನ್ನು ಕರೆಸಿದ. ಫಿಟ್ಟರ್ ಮೆಕ್ಯಾನಿಕ್‌ನ ಮನೆಯಡಿಯ ಗ್ಯಾರೇಜಿನ ಸೂರು ನೋಡಿ ತಲೆ ಕೆರೆದುಕೊಂಡ.

“ಯಜಮಾನ್ರೇ, ಸೂರು ತಗ್ಗು. ಕಾರನ್ನ ಸೊಂಟದೆತ್ತರಕ್ಕೆ ಎತ್ತೋ ಸಣ್ಣ ಲಿಫ್ಟ್ ಇದೆ. ಸ್ಟೂಲ್ ಹಾಕ್ಕೊಂಡು ಕೂತು ಕೆಲಸ ಮಾಡಬಹುದು.”

“ಸಣ್ಣದು ನಿಮ್ಮಪ್ಪನಿಗೆ ಹಾಕು! ನಂಗೆ ನನ್ನ ಷಡ್ಡಕನ ಮನೇಲಿರೋದೇ ಬೇಕು. ಒಂದಿಂಚು ಕಮ್ಮಿ ಆಗಕೂಡದು.”

“ಸರಿ, ಹಾಗಾದ್ರೆ ಸೂರಿನ ಅಳತೆ ತಗೊಳ್ಳೋಣ...”

“ಅಳತೆ ನನಗೆ ಬಿಡು. ಈ ಗ್ಯಾರೇಜ್ ಕಟ್ಟಿದೋನೇ ನಾನು.”

ಮಾರನೇ ದಿನ ಶಟರ್ ಬಾಗಿಲಲ್ಲಿ, ಬೆಳಕು ಚೆನ್ನಾಗಿದ್ದ ಕಡೆ ನಿಂತು, ಟೇಪು ಹಿಡಿದು ಅಳೆದ. ಬೇಕಾದ್ದಕ್ಕಿಂತ ಎರಡು ಬೆರಳು ಹೆಚ್ಚೇ ಇತ್ತು. ಮೀಸೆಯಡಿ ನಕ್ಕು ಅಳತೆ ಕಳಿಸಿದ.

ಕಂಬಗಳು ಬಂದವು. ಲಿಫ್ಟ್ ನಿಲ್ಲಬೇಕಾದದ್ದು ಗ್ಯಾರೇಜಿನ ಒಳತುದಿಯಲ್ಲಿ. ಫಿಟ್ಟರ್ ಕಂಬಗಳನ್ನು ನಿಲ್ಲಿಸಿ, ನೆಲಕ್ಕೆ ತೂತು ಕೊರೆಯುವ ಮೊದಲು ಕಂಬಗಳ ನೆತ್ತಿಯನ್ನು ಕೂಡಿಸುವ ಅಡ್ಡಪಟ್ಟಿಯನ್ನು ಎತ್ತಿದ. ಅದು ಸೂರಿನ ತೊಲೆಗೆ ಠಣ್ ಎಂದು ಬಡಿಯಿತು. ನಾಲ್ಕು ಬೆರಳು ಜಾಗ ಸಾಲದು.

ಮೆಕ್ಯಾನಿಕ್‌ಗೆ ಪಿತ್ತ ನೆತ್ತಿಗೇರಿತು. ಏಣಿ ಹತ್ತಿ, ಉಳಿ ಸುತ್ತಿಗೆ ಹಿಡಿದು ತೊಲೆಗೇ ಏಟು ಹಾಕಿದ.

“ಅಯ್ಯೋ, ಇಳೀರಿ! ಮನೆ ನಿಂತಿರೋದೇ ಅದರ ಮೇಲೆ!” ಫಿಟ್ಟರ್ ಅವನ ಕಾಲು ಹಿಡಿದುಕೊಂಡ.

ಮೇಲಿನ ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಏನ್ರೀ ಅದು, ಪಾತ್ರೆಗಳೆಲ್ಲ ಕುಣೀತಿವೆ!” ಕೆಳಗಿಳಿದು ಬಂದು ನೋಡಿದವಳೇ ತಂಗಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಬಂದವನು ಯಾರು? ಅವನೇ. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಹೊಳೆಯುವ ಬೂಟು.

ಷಡ್ಡಕ ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದ. ಅಷ್ಟರಲ್ಲಿ ಫಿಟ್ಟರ್ ಕೈಯಿಂದ ಒಂದು ನಟ್ಟು ಜಾರಿ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ, ಉರುಳುತ್ತ ಉರುಳುತ್ತ ಶಟರ್ ಬಾಗಿಲು ದಾಟಿ ಬೀದಿಗೇ ಹೋಯಿತು. ಷಡ್ಡಕನ ಕಣ್ಣು ಆ ನಟ್ಟಿನ ಹಿಂದೆಯೇ ಹೋಗಿ, ಮೆಕ್ಯಾನಿಕ್‌ನ ಮುಖಕ್ಕೆ ಬಂದು ನಿಂತಿತು.

ಕಾರು ತೊಳೆದ ನೀರು ಹೊರಗೆ ಹರಿಯಲಿ ಎಂದು ನೆಲವನ್ನು ಬಾಗಿಲ ಕಡೆ ಇಳಿಜಾರು ಮಾಡಿ ಕಟ್ಟಿದವನು ಮೆಕ್ಯಾನಿಕ್ಕೇ. ಅಳೆದದ್ದು ತಗ್ಗಿನಲ್ಲಿ, ಕಂಬ ನಿಲ್ಲಿಸಿದ್ದು ದಿಬ್ಬದಲ್ಲಿ. ಈಗ ಷಡ್ಡಕ ಆಡಿಕೊಳ್ಳುತ್ತಾನೆ ಎಂದು ಮೆಕ್ಯಾನಿಕ್ ಹಲ್ಲು ಕಚ್ಚಿ ನಿಂತ. ಆಡಿಕೊಂಡಿದ್ದರೆ ಕೊರಳಪಟ್ಟಿಗೆ ಕೈ ಹಾಕಿಯೇ ಬಿಡುತ್ತಿದ್ದ.

“ತಪ್ಪು ನಂದು ಅಕ್ಕ,” ಎಂದ ಷಡ್ಡಕ. “ನಮ್ಮನೆ ಲಿಫ್ಟಿನ ಎತ್ತರ ಭಾವನಿಗೆ ತಪ್ಪಾಗಿ ಹೇಳಿಬಿಟ್ಟೆ. ಕಂಪನಿಯವರ ಹತ್ರ ನಾನೇ ಮಾತಾಡ್ತೀನಿ. ಇನ್ನೂ ಬೋಲ್ಟ್ ಹೊಡೆದಿಲ್ವಲ್ಲ, ಬದಲಾಯಿಸಿ ಕೊಡ್ತಾರೆ.”

“ಅಲ್ಲಪ್ಪಾ, ಗೊತ್ತಿಲ್ಲದಿದ್ರೆ ಸುಮ್ನಿರಬಾರ್ದಿತ್ತಾ?” ಎಂದು ಅವಳು ಅವನನ್ನು ಗದರಿದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಅವನು ಯಾವತ್ತೂ ಯಾವ ಎತ್ತರವನ್ನೂ ಹೇಳಿರಲಿಲ್ಲ. ಮೆಕ್ಯಾನಿಕ್ ಕೇಳಿರಲೂ ಇಲ್ಲ. ನಿಜ ಹೇಳುವ ಬದಲು ಉಳಿ ಸುತ್ತಿಗೆಯನ್ನು ಪೆಟ್ಟಿಗೆಗೆ ಎಸೆದ.  ಲಿಫ್ಟ್ ಷಡ್ಡಕನಿಗೇ ಮೊದಲು ಸಿಕ್ಕಿತು, ಹೋಗಲಿ. ದೊಡ್ಡತನವೂ ಅವನಿಗೇ ಮೊದಲು ಸಿಗಬೇಕೇ?

ವಾರದಲ್ಲಿ ಸಣ್ಣ ಲಿಫ್ಟ್ ಬಂತು. ಈಗ ಮೆಕ್ಯಾನಿಕ್ ಗಾಲಿ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಾನೆ. ಬೆನ್ನು ನೆಟ್ಟಗಿದೆ, ಕೈಯಲ್ಲಿ ಕೆಲಸವಿದೆ. ಇಳಿಜಾರಿಗೆ ಸ್ಟೂಲು ಬಾಗಿಲ ಕಡೆ ಜಾರಿದಾಗೆಲ್ಲ ಕಾಲೂರಿ, ಷಡ್ಡಕನನ್ನು ನೆನೆದು ಬೈಯುತ್ತಾನೆ.

ನೆಂಟರು ಬಂದಾಗ ಹೆಂಡತಿ ತೊಲೆಯ ಮೇಲಿನ ಉಳಿ ಗುರುತು ತೋರಿಸುತ್ತಾಳೆ. “ನನ್ನ ತಂಗಿ ಗಂಡ ಮಾಡಿದ ಎಡವಟ್ಟು ನೋಡಿ. ಇವರದ್ದೇನೂ ತಪ್ಪಿಲ್ಲ.”

ಷಡ್ಡಕ ಅಲ್ಲೇ ಇದ್ದರೆ ಹೌದೆಂದು ನಗುತ್ತಾನೆ. ಮೆಕ್ಯಾನಿಕ್ ಕಾರಿನಡಿ ಬಗ್ಗಿ, ಬಿಗಿಯಾಗಿರುವ ನಟ್ಟನ್ನೇ ಮತ್ತೆ ಬಿಗಿ ಮಾಡುತ್ತಾನೆ. “ಅವನಲ್ಲ, ನಾನು” ಅನ್ನಲು ಎರಡೇ ಮಾತು ಸಾಕು. ನಾಲ್ಕು ವರ್ಷವಾಯಿತು. ಆ ಎರಡು ಮಾತಿನ ಋಣ ಹಾಗೇ ಉಳಿದಿದೆ.